ಬಾತ್‌ರೂಮ್ ಪೂರ್ತಿ ಒಡೀದೇ ನಾವೇ ಎಷ್ಟು ಸರಿ ಮಾಡ್ಕೋಬಹುದು?

ಓದುಗರ ಪ್ರಶ್ನೆ: "ಸರ್, ಯಲಹಂಕದಲ್ಲಿ ನಮ್ದು ಎರಡು ಬೆಡ್‌ರೂಮಿನ ಫ್ಲ್ಯಾಟು, ಮೂರನೇ ಮಹಡಿ, ಬಿಲ್ಡಿಂಗಿಗೆ 14 ವರ್ಷ ಆಯ್ತು. ನೀರು ಪೂರ್ತಿ ಬೋರ್‌ದು. ಕಾಮನ್ ಬಾತ್‌ರೂಮಲ್ಲಿ ಟೈಲ್ ಮೇಲೆಲ್ಲ ಬಿಳಿ ಪದರ ಕೂತಿದೆ, ಸಂದಿಗಳು ಕಪ್ಪಾಗಿವೆ, ಕೆಲವು ಕಡೆ ಸಂದಿಯಲ್ಲಿ ಸಿಮೆಂಟೇ ಇಲ್ಲ. ಶವರಲ್ಲಿ ನೀರು ಸರಿಯಾಗಿ ಬರಲ್ಲ, ಬೆಳಿಗ್ಗೆ ಬಾಗಿಲು ತೆಗೆದ್ರೆ ಗಬ್ಬು ವಾಸನೆ. ಕಂಟ್ರಾಕ್ಟರ್ ಒಬ್ರು ಬಂದು ನೋಡಿ ಪೂರ್ತಿ ಒಡೆದು ಹೊಸದಾಗಿ ಮಾಡ್ಬೇಕು, ಎರಡೂವರೆ ಲಕ್ಷ, 20 ದಿನ ಅಂದ್ರು. ಅಷ್ಟು ದುಡ್ಡು ಈಗ ಇಲ್ಲ. ನಮ್ಮನೆಯವರು ಟೈಲ್ ಮೇಲೆ ಟೈಲ್ ಹಾಕ್ಸೋಣ, ಇಲ್ಲಾಂದ್ರೆ ಸ್ಟಿಕ್ಕರ್ ಅಂಟ್ಸೋಣ ಅಂತಾರೆ. ಅಸೋಸಿಯೇಷನ್ ಸೆಕ್ರೆಟರಿ ಅನುಮತಿ ಇಲ್ದೇ ಏನೂ ಮುಟ್ಟಂಗಿಲ್ಲ ಅಂತಾರೆ. ಹೋದ ತಿಂಗಳು ಕೆಳಗಿನ ಮನೆಯವರು ಅವರ ಸೀಲಿಂಗಲ್ಲಿ ತಟ್ಟೆಯಗಲ ಕಲೆ ಬಂದಿದೆ ಅಂತ ಫೋಟೋ ಕಳ್ಸಿದ್ರು. ದೀಪಾವಳಿ ಹೊತ್ತಿಗೆ 74 ವರ್ಷದ ನಮ್ಮತ್ತೆ ಹಾಸನದಿಂದ ಬಂದು ಇಲ್ಲೇ ಇರ್ತಾರೆ. ಭಾನುವಾರಗಳಲ್ಲಿ ನಾವೇ ಮಾಡ್ಕೊಳ್ಳೋಂಥದ್ದು ಏನಿದೆ, ಯಾವುದಕ್ಕೆ ಕೈ ಹಾಕಬಾರದು?"

ಉತ್ತರ:

ಮೇಡಂ, ನಿಮ್ಮ ಪತ್ರದಲ್ಲಿ ಆರೇಳು ತೊಂದರೆ ಇವೆ, ಆದ್ರೆ ಅದರಲ್ಲಿ ಒಂದೇ ಒಂದು ನಿಜವಾಗ್ಲೂ ಗಂಭೀರ, ಅದನ್ನ ನೀವು ಕೊನೆಗೆ ಹೇಳಿದ್ದೀರ: ಕೆಳಗಿನ ಮನೆ ಸೀಲಿಂಗಿನ ಕಲೆ. ಬಿಳಿ ಪದರ, ಕಪ್ಪು ಸಂದಿ, ಶವರು, ವಾಸನೆ ಇವೆಲ್ಲ ಭಾನುವಾರದ ಕೆಲಸಗಳೇ, ಗಂಡ ಹೆಂಡತಿ ಇಬ್ರೇ ಸೇರಿ ಮಾಡ್ಬಹುದು, ಖರ್ಚೂ ಸಾವಿರಗಳಲ್ಲಿ ಮುಗಿಯತ್ತೆ. ಆದ್ರೆ ಆ ಕಲೆಗೆ ಕಾರಣ ಏನು ಅಂತ ಗೊತ್ತಾಗೋ ತನಕ ಟೈಲ್ ಮೇಲೆ ಟೈಲು, ಸ್ಟಿಕ್ಕರು, ಬಣ್ಣ ಯಾವುದಕ್ಕೂ ಒಂದು ರೂಪಾಯಿ ಹಾಕ್ಬೇಡಿ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ರಿಪೇರಿ ಕೆಲಸ ಮಾಡಿಸ್ತಾ ನನಗೆ ಇಪ್ಪತ್ತು ವರ್ಷದ ಮೇಲಾಯ್ತು, ಜನ ದುಡ್ಡು ಕಳ್ಕೊಳ್ಳೋದು ಒಡೆದದ್ದಕ್ಕಿಂತ ಹೆಚ್ಚಾಗಿ ಮುಚ್ಚಿದ್ದಕ್ಕೆ. ವಿಜಯನಗರದ ಕಡೆ ಒಂದು ಮನೆಯಲ್ಲಿ ಸೋರ್ತಾ ಇದ್ದ ನೆಲದ ಮೇಲೆ ಚೆಂದದ ಹೊಸ ಟೈಲ್ ಹಾಕ್ಸಿದ್ರು, ಎಂಟು ತಿಂಗಳಾದ್ಮೇಲೆ ಪಕ್ಕದ ಬೆಡ್‌ರೂಮ್ ಗೋಡೆ ಬುಡದಲ್ಲಿ ಬಣ್ಣ ಉಬ್ಬೋಕೆ ಶುರುವಾಯ್ತು, ಕೊನೆಗೆ ಎರಡು ಪದರ ಟೈಲ್ ಒಡೀಬೇಕಾಯ್ತು. ಆ ಮನೆಯವರ ಮುಖ ನನಗೆ ಇನ್ನೂ ನೆನಪಿದೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ.

ಮೊದಲು ರೂಲ್ಸ್ ವಿಷಯ

ಸೆಕ್ರೆಟರಿ ಹೇಳಿದ್ದು ಅರ್ಧ ಸರಿ. ಟ್ಯಾಪ್, ಶವರ್, ಕನ್ನಡಿ, ಫ್ಲಶ್ ಟ್ಯಾಂಕಿನ ಒಳಗಿನ ಸಾಮಾನು, ಸಂದಿ ತುಂಬೋದು ಇಂಥದಕ್ಕೆ ಪಾಲಿಕೆಯಿಂದ ಪ್ಲಾನ್ ಸ್ಯಾಂಕ್ಷನ್ ತಗೊಳ್ಳೋ ಪ್ರಶ್ನೇನೇ ಬರಲ್ಲ, ಅಸೋಸಿಯೇಷನ್ನಿಗೂ ಸಾಮಾನ್ಯವಾಗಿ ಇದರಲ್ಲಿ ತಕರಾರಿರಲ್ಲ. ಆದ್ರೆ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಅಂತ 1972ರದ್ದು ಒಂದಿದೆ, ಕಟ್ಟಡದ ಭದ್ರತೆಗೆ ಧಕ್ಕೆ ತರೋ ಕೆಲಸ ಯಾವ ಮಾಲೀಕರೂ ಮಾಡಂಗಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಹೆಚ್ಚಿನ ಅಸೋಸಿಯೇಷನ್‌ಗಳ ಬೈಲಾದಲ್ಲೂ ಅದೇ ಧಾಟಿಯ ನಿಯಮ ಇರತ್ತೆ, ಜೊತೆಗೆ ಡ್ರಿಲ್ಲಿಂಗ್ ಇಷ್ಟು ಗಂಟೆಯಿಂದ ಇಷ್ಟು ಗಂಟೆ ತನಕ, ಭಾನುವಾರ ಸದ್ದು ಮಾಡಂಗಿಲ್ಲ, ಒಡೆದ ಮಣ್ಣು ಲಿಫ್ಟಲ್ಲಿ ಸಾಗಿಸಂಗಿಲ್ಲ ಅಂತೆಲ್ಲ. ನಿಮ್ಮ ಬೈಲಾ ಒಂದ್ಸಲ ಕೇಳಿ ಓದಿ, ಯಾಕಂದ್ರೆ ನೀವು ಕೆಲಸಕ್ಕೆ ಇಟ್ಕೊಂಡಿರೋದೇ ಭಾನುವಾರ.

ನಾನು ಜನಕ್ಕೆ ಹೇಳೋದು ಹೀಗೆ: ಟೈಲ್ ಮೇಲಿರೋದು ನಿಮ್ಮನೇದು, ಟೈಲ್ ಕೆಳಗಿರೋದು ಕೆಳಗಿನ ಮನೆಯವರದ್ದೂ ಹೌದು. ನೆಲ ಒಡೆಯೋದು, ಕಮೋಡ್ ಜಾಗ ಬದಲಾಯಿಸೋದು, ಗೋಡೆ ಕೊರೆದು ಪೈಪ್ ಎಳೆಯೋದು, ಡಕ್ಟಲ್ಲಿ, ಅಂದ್ರೆ ಎಲ್ಲ ಮಹಡಿಯ ಪೈಪುಗಳು ಇಳಿಯೋ ಕಿಂಡಿಯಲ್ಲಿ, ಇರೋ ದೊಡ್ಡ ಪೈಪಿಗೆ ಹೊಸ ಕನೆಕ್ಷನ್ ಕೊಡೋದು ಇವೆಲ್ಲ ಕೆಳಗಿರೋದಕ್ಕೆ ಸೇರಿದವು, ಅದಕ್ಕೆ ಬರವಣಿಗೆಯಲ್ಲಿ ಅನುಮತಿ ತಗೊಳ್ಳಿ, ಗೊತ್ತಿರೋ ಪ್ಲಂಬರ್ ಇರ್ಲಿ. ಡಕ್ಟು ಕಾಮನ್ ಏರಿಯಾ, ಅಲ್ಲಿ ಲೀಕ್ ಇದ್ರೆ ಅದನ್ನ ಸರಿ ಮಾಡಿಸೋ ಜವಾಬ್ದಾರಿ ಸಾಮಾನ್ಯವಾಗಿ ಅಸೋಸಿಯೇಷನ್ನಿಂದು, ಆ ಕಲೆ ಡಕ್ಟಿಂದ ಬಂದಿದ್ರೆ ನೀವು ಒಂದು ಪೈಸಾನೂ ಹಾಕ್ಬೇಕಾಗಿರಲ್ಲ. ಅದಕ್ಕಾದ್ರೂ ಮೊದಲು ಪತ್ತೆ ಹಚ್ಚಬೇಕು.

ಆ ಕಲೆ ಎಲ್ಲಿಂದ ಬಂತು?

ಬಹಳ ಜನ ನಂಬಿರೋದು ಏನಂದ್ರೆ ಟೈಲ್ ಇದೆ ಅಂದ್ರೆ ನೆಲ ವಾಟರ್‌ಪ್ರೂಫ್ ಅಂತ. ಹಂಗಲ್ಲ. ಟೈಲ್ ನೀರು ಕುಡಿಯಲ್ಲ ಸರಿ, ಆದ್ರೆ ಎರಡು ಟೈಲ್ ಮಧ್ಯೆ ತುಂಬಿರೋ ಸಿಮೆಂಟ್ ಕುಡಿಯತ್ತೆ, ನಿಧಾನಕ್ಕೆ ಕೆಳಗಿನ ಗಾರೆಗೆ ದಾಟ್ಸತ್ತೆ. ನಿಮ್ಮ ಕಾಲದ ಫ್ಲ್ಯಾಟುಗಳಲ್ಲಿ ಬಾತ್‌ರೂಮ್ ಕೆಳಗೆ ಸ್ಲ್ಯಾಬು ಒಂದಡಿ ಆಸುಪಾಸು ತಗ್ಗಾಗಿರತ್ತೆ, ಸಂಕನ್ ಸ್ಲ್ಯಾಬ್ ಅಂತೀವಿ, ಅದರೊಳಗೆ ಡ್ರೈನ್ ಪೈಪ್ ಮಲಗಿಸಿ ಇಟ್ಟಿಗೆ ಚೂರು, ಜಲ್ಲಿ ತುಂಬಿ ಮೇಲೆ ಗಾರೆ ಹಾಕಿ ಟೈಲ್ ಹಾಕಿರ್ತಾರೆ. ವಾಟರ್‌ಪ್ರೂಫಿಂಗ್ ಅನ್ನೋದು ಆ ತಗ್ಗಿನ ತಳದಲ್ಲಿ ಹಚ್ಚಿರೋ ಪದರ. ವರ್ಷಗಟ್ಟಲೆ ಸಂದಿಯಿಂದ ಇಳಿದ ನೀರು ಆ ತಗ್ಗಲ್ಲಿ ಬಾವಿ ಥರ ನಿಂತ್ಕೊಂಡು, ಪದರ ಎಲ್ಲಿ ಸವೆದಿದೆಯೋ ಅಲ್ಲಿ ಕೆಳಗಿನ ಮನೆಗೆ ಕಾಣಿಸ್ಕೊಳ್ಳತ್ತೆ. ಹಂಗಾಗಿ ಕಲೆ ಇರೋ ಜಾಗದ ನೇರ ಮೇಲೆಯೇ ಲೀಕ್ ಇರ್ಬೇಕು ಅಂತೇನಿಲ್ಲ.

ಆದ್ರೆ ಎಲ್ಲ ಕಲೆಗೂ ಇದೇ ಕಾರಣ ಅಲ್ಲ, ಮೂರು ಥರ ಇರತ್ತೆ, ಪತ್ತೆ ಮಾಡೋ ಕ್ರಮ ಹೀಗೆ. ಮೊದಲನೇದು ಗೋಡೆ ಒಳಗಿನ ನೀರಿನ ಪೈಪು. ಇದರಲ್ಲಿ ದಿನದ 24 ಗಂಟೆ ಒತ್ತಡ ಇರೋದ್ರಿಂದ ನೀವು ಸ್ನಾನ ಮಾಡ್ಲಿ ಬಿಡ್ಲಿ ಕೆಳಗೆ ಒಂದೇ ಸಮ ಒದ್ದೆ ಇರತ್ತೆ. ಮನೆಗೆ ಪ್ರತ್ಯೇಕ ಮೀಟರ್ ಇದ್ರೆ ರಾತ್ರಿ ಎಲ್ಲ ಟ್ಯಾಪ್ ಮುಚ್ಚಿ, ಫ್ಲಶ್ ಟ್ಯಾಂಕಿಗೆ ನೀರು ಬಿಡೋ ಸಣ್ಣ ವಾಲ್ವನ್ನೂ (ಆಂಗಲ್ ಕಾಕ್) ಮುಚ್ಚಿ ಮೀಟರ್ ಫೋಟೋ ತೆಗೀರಿ, ಬೆಳಿಗ್ಗೆ ಎದ್ದು ನೀರು ಮುಟ್ಟೋ ಮುಂಚೆ ಇನ್ನೊಂದು ಫೋಟೋ. ಅಂಕಿ ಓಡಿದ್ರೆ ಪೈಪ್ ಲೀಕು. ಇದು ಪ್ಲಂಬರ್ ಕೆಲಸ, ನೀವು ಕೈ ಹಾಕೋದಲ್ಲ.

ಎರಡನೇದು ಡ್ರೈನ್. ಎರಡು ದಿನ ಆ ಬಾತ್‌ರೂಮ್ ಬಳಸ್ಬೇಡಿ, ಇನ್ನೊಂದು ಇದೆಯಲ್ಲ. ಆಮೇಲೆ ನೆಲ ಒದ್ದೆ ಮಾಡ್ದೇ ಒಂದು ಪೈಪ್ ತುದೀನ ನೇರವಾಗಿ ನಹಾನಿ ಟ್ರ್ಯಾಪ್, ಅಂದ್ರೆ ನೆಲದ ನೀರು ಹೋಗೋ ಜಾಲಿ ಕೆಳಗಿನ ಗುಂಡಿ, ಅದರೊಳಗಿಟ್ಟು ಏಳೆಂಟು ಬಕೆಟ್ ನೀರು ಬಿಡಿ, ಕಮೋಡ್ ನಾಲ್ಕೈದು ಸಲ ಫ್ಲಶ್ ಮಾಡಿ. ಕೆಲವೇ ಗಂಟೆಯಲ್ಲಿ ಕೆಳಗೆ ಒದ್ದೆ ಹೆಚ್ಚಾದ್ರೆ ಡ್ರೈನ್ ಜಾಯಿಂಟು, ಅದೂ ಪ್ಲಂಬರ್ರು ಗಾರೆಯವರು ಇಬ್ರೂ ಬೇಕಾಗೋ ಕೆಲಸ.

ಇವೆರಡೂ ಅಲ್ಲ ಅಂದ್ರೆ ಮೂರನೇದು, ನೆಲ. ಒಂದು ಬಟ್ಟೆ ಉಂಡೆನ ದಪ್ಪ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಟ್ರ್ಯಾಪಿಗೆ ಬಿಗಿಯಾಗಿ ತುರುಕಿ, ಬಾಗಿಲ ಪಟ್ಟಿ ಎತ್ತರ ದಾಟದ ಹಾಗೆ ಒಂದು ಇಂಚು ನೀರು ನಿಲ್ಲಿಸಿ, ಗೋಡೆ ಮೇಲೆ ಪೆನ್ಸಿಲ್ಲಿಂದ ಗೆರೆ ಎಳೀರಿ, 24 ಗಂಟೆ ಬಿಡಿ. ಒಂದೆರಡು ಎಂಎಂ ಆರಿ ಹೋಗೋದು ಸಹಜ. ಅದಕ್ಕಿಂತ ಚೆನ್ನಾಗಿ ಇಳಿದ್ರೆ, ಅಥವಾ ಕೆಳಗೆ ಕಲೆ ಅಗಲ ಆದ್ರೆ ಉತ್ತರ ಸಿಕ್ಕಂಗೆ. ಈ ಪರೀಕ್ಷೆ ಮಾಡೋ ಮುಂಚೆ ಕೆಳಗಿನ ಮನೆಗೆ ಹೋಗಿ ಮುಖತಃ ಹೇಳಿ, ಅವರ ಸೀಲಿಂಗ್ ಕಲೆ ಸುತ್ತ ಪೆನ್ಸಿಲ್ ಗೆರೆ ಹಾಕ್ಕೊಂಡು ಬನ್ನಿ. ಹೇಳ್ದೇ ಮಾಡಿ ಅವರ ಮನೆ ತೊಟ್ಟಿಕ್ಕಿದ್ರೆ ನೆರೆಹೊರೆ ಸಂಬಂಧ ಕೆಟ್ಟು ಹೋಗತ್ತೆ, ಹೇಳಿ ಮಾಡಿದ್ರೆ ಅವರೇ ಜೊತೆಗೆ ನಿಂತು ನೋಡ್ತಾರೆ. ಇಲ್ಲಿ ನಿಮ್ಮ ದೊಡ್ಡ ಬಲ ಅವರೇ.

ನೆಲಾನೇ ಅಂತ ಗೊತ್ತಾದ್ರೆ ನಿಮ್ಮ ಮುಂದೆ ಮೂರು ದಾರಿ. ಕಡಿಮೆ ಖರ್ಚಿಂದು ಸಂದಿ ಕೆರೆದು ಸಿಮೆಂಟ್ ಬದಲು ನೀರು ಕುಡಿಯದ ಇಪಾಕ್ಸಿ ಗ್ರೌಟ್ ತುಂಬೋದು, ನೀವೇ ಮಾಡ್ಬಹುದು, ಕೆಳಗೆ ಹೇಳ್ತೀನಿ. ಸಂದಿಯಿಂದ ಇಳಿಯೋ ನೀರು ನಿಂತ್ರೆ ತಗ್ಗಲ್ಲಿ ನಿಂತಿರೋದು ನಿಧಾನಕ್ಕೆ ಆರತ್ತೆ, ಆದ್ರೆ ಆರೋಕೆ ತಿಂಗಳುಗಳೇ ಹಿಡಿಯತ್ತೆ, ಕಲೆ ಮಾರನೇ ದಿನ ಮಾಯ ಆಗಲ್ಲ, ಕೆಳಗಿನವರಿಗೂ ಇದನ್ನ ಮೊದಲೇ ಹೇಳಿ. ಎರಡನೇದು, ನಹಾನಿ ಟ್ರ್ಯಾಪ್ ಸುತ್ತ ಒಂದಡಿ ಚೌಕ ಮಾತ್ರ ಬಿಚ್ಚಿ ಅಲ್ಲಿ ವಾಟರ್‌ಪ್ರೂಫಿಂಗ್ ಮಾಡಿಸಿ ಮುಚ್ಚೋದು. ನಾನು ನೋಡಿರೋ ಲೀಕುಗಳಲ್ಲಿ ಪ್ಲಾಸ್ಟಿಕ್ ಟ್ರ್ಯಾಪಿಗೂ ಸುತ್ತಲಿನ ಗಾರೆಗೂ ಮಧ್ಯೆ ಬಿಟ್ಕೊಂಡಿರೋ ಕೂದಲೆಳೆ ಬಿರುಕಿನದ್ದೇ ಬಹಳ, ಯಾಕಂದ್ರೆ ಪ್ಲಾಸ್ಟಿಕ್ಕೂ ಸಿಮೆಂಟೂ ಯಾವತ್ತೂ ಒಂದಕ್ಕೊಂದು ಸರಿಯಾಗಿ ಅಂಟ್ಕೊಳ್ಳಲ್ಲ, ಬಿಸಿ ನೀರು ತಣ್ಣೀರು ಬಿದ್ದು ಬಿದ್ದು ಹಿಗ್ಗಿ ಕುಗ್ಗಿ ಬಿಟ್ಕೊಳ್ಳತ್ತೆ. ಇದು ಒಂದೆರಡು ದಿನದ ಕೆಲಸ, ಕೈ ಚೆನ್ನಾಗಿರೋ ಗಾರೆಯವರು ಬೇಕು, ಹಳೇ ಟೈಲ್ ಸಿಗದೇ ಇದ್ರೆ ಬೇರೆ ಬಣ್ಣದ್ದು ಕಾಣತ್ತೆ ಅಷ್ಟೇ. ಮೂರನೇದು ನಿಮ್ಮ ಕಂಟ್ರಾಕ್ಟರ್ ಹೇಳಿದ್ದು, ಪೂರ್ತಿ ಒಡೆಯೋದು. ಮೊದಲೆರಡೂ ಮಾಡಿ, ಆರೋಕೆ ಟೈಮ್ ಕೊಟ್ಟು, ಮತ್ತೆ ನೀರು ನಿಲ್ಲಿಸಿ ನೋಡಿದಾಗ್ಲೂ ಇಳಿದ್ರೆ ಆಗ ಬೇರೆ ದಾರಿ ಇಲ್ಲ. ಅವರು ಸುಳ್ಳು ಹೇಳಿದ್ರು ಅಂತ ನಾನು ಹೇಳ್ತಿಲ್ಲ, ಆದ್ರೆ ಪರೀಕ್ಷೆ ಮಾಡ್ದೇ ಕೊಟ್ಟ ತೀರ್ಪು ಅದು.

ಕೆಳಗಿನ ಮನೆ ಸೀಲಿಂಗಿಗೆ ತೂತು ಹಾಕಿ ಕೆಮಿಕಲ್ ಇಂಜೆಕ್ಷನ್ ಕೊಟ್ರೆ ನಿಮ್ಮ ನೆಲ ಮುಟ್ಟೋದೇ ಬೇಡ ಅಂತ ಯಾರಾದ್ರೂ ಬರ್ತಾರೆ. ಕಲೆ ನಿಲ್ಲತ್ತೆ ನಿಜ, ಆದ್ರೆ ನೀರು ನಿಂತಿಲ್ಲ, ಸ್ಲ್ಯಾಬ್ ಒಳಗೇ ಉಳ್ಕೊಂಡು ಕಂಬಿಗೆ ತುಕ್ಕು ಹಿಡಿಸತ್ತೆ, ಇಲ್ಲಾ ಇನ್ನೊಂದು ಕಡೆ ದಾರಿ ಹುಡುಕ್ಕೊಳ್ಳತ್ತೆ. ಮೇಲಿನ ನೀರು ನಿಲ್ಲಿಸ್ದೇ ಕೆಳಗಿಂದ ಮುಚ್ಚೋದನ್ನ ನಾನು ಯಾರಿಗೂ ಹೇಳಲ್ಲ.

ಬಿಳಿ ಪದರ, ಆಸಿಡ್ ಬಗ್ಗೆ

ನಿಮ್ಮ ಟೈಲ್ ಮೇಲಿರೋದು ಕೊಳೆ ಅಲ್ಲ, ಸುಣ್ಣ. ಬೋರ್ ನೀರಲ್ಲಿ ಕರಗಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರು ಆರಿದಾಗ ಅಲ್ಲೇ ಉಳಿಯತ್ತೆ. ಕುಡಿಯೋ ನೀರಿನ ಭಾರತೀಯ ಮಾನದಂಡ, ಅದೇ ಐಎಸ್ 10500, ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ರೆ ಒಳ್ಳೇದು, ಬೇರೆ ನೀರಿನ ಮೂಲ ಇಲ್ಲದಿದ್ರೆ 600ರ ತನಕ ಒಪ್ಕೋಬಹುದು ಅನ್ನತ್ತೆ. ನಿಮ್ಮ ಬಿಲ್ಡಿಂಗಿನ ನೀರು ಒಂದ್ಸಲ ಲ್ಯಾಬಲ್ಲಿ ಪರೀಕ್ಷೆ ಮಾಡ್ಸಿ ನೋಡಿ, ಬಹಳ ಹೆಚ್ಚಿದ್ರೆ ಇಡೀ ಬಿಲ್ಡಿಂಗಿಗೆ ಗಡಸುತನ ತೆಗೆಯೋ ಸಾಫ್ಟ್‌ನರ್ ಬಗ್ಗೆ ಅಸೋಸಿಯೇಷನ್ ಮೀಟಿಂಗಲ್ಲಿ ಮಾತಾಡ್ಬಹುದು, ಇಲ್ಲಾಂದ್ರೆ ನೀವು ಎಷ್ಟು ಉಜ್ಜಿದ್ರೂ ಮೂರು ತಿಂಗಳಿಗೆ ಮತ್ತೆ ಬರತ್ತೆ.

ತೆಗೆಯೋಕೆ ಕಿರಾಣಿ ಅಂಗಡಿಯಲ್ಲಿ ಸಿಗೋ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ. ಹಚ್ಚೋ ಮುಂಚೆ ಗೋಡೆಗೆಲ್ಲ ಬರೀ ನೀರು ಹೊಡೆದು ಸಂದಿಗಳು ನೀರು ಕುಡಿಯಂಗೆ ಮಾಡಿ, ಆಗ ಹುಳಿ ಒಳಗೆ ಹೋಗಲ್ಲ, ಮೇಲಿನ ಸುಣ್ಣಕ್ಕಷ್ಟೇ ಕೆಲಸ ಮಾಡತ್ತೆ. ಹಳೇ ಬಟ್ಟೆ ನೆನೆಸಿ ಅಂಟಿಸಿ 20 ನಿಮಿಷ ಬಿಟ್ಟು, ಪ್ಲಾಸ್ಟಿಕ್ ಬ್ರಶ್ಶಲ್ಲಿ ಉಜ್ಜಿ ತೊಳೀರಿ, ದಪ್ಪ ಇದ್ದ ಕಡೆ ಎರಡು ಮೂರು ಸಲ. ಶವರ್ ತಲೆ ಬಿಚ್ಚಿ ಇದೇ ನೀರಲ್ಲಿ ಅರ್ಧ ಗಂಟೆ ಮುಳುಗಿಸಿಡಿ, ಬಿಚ್ಚೋಕಾಗ್ಲಿಲ್ಲ ಅಂದ್ರೆ ಕವರಿಗೆ ಹುಯ್ದು ರಬ್ಬರ್ ಬ್ಯಾಂಡಲ್ಲಿ ಕಟ್ಟಿ ನೇತು ಹಾಕಿ. ನಿಮ್ಮ ಶವರಿಗೆ ನೀರು ಬರದೇ ಇರೋದು ಬಹುಶಃ ಇಷ್ಟಕ್ಕೇ, ಹೊಸ ಶವರ್ ತರೋ ಮುಂಚೆ ಇದನ್ನ ಮಾಡಿ ನೋಡಿ. ಗ್ರಾನೈಟ್, ಅಮೃತಶಿಲೆ ಪಟ್ಟಿ ಇದ್ದ ಕಡೆ ಮಾತ್ರ ಹುಳಿ ಬೀಳದ ಹಾಗೆ ನೋಡ್ಕೊಳ್ಳಿ, ಅಮೃತಶಿಲೆಗಂತೂ ಒಂದೇ ಸಲಕ್ಕೆ ಹೊಳಪು ಹೋಗತ್ತೆ.

ವಿನೆಗರ್ ಜೊತೆ ಅಡುಗೆ ಸೋಡಾ ಬೆರೆಸಿ ಬುರುಬುರು ಬರಿಸೋ ವಿಡಿಯೋಗಳು ಬರ್ತವೆ. ಹುಳಿಗೆ ಸೋಡಾ ಹಾಕಿದ್ರೆ ಎರಡೂ ಒಂದನ್ನೊಂದು ಕೊಂದ್ಕೊಳ್ತವೆ, ಉಳಿಯೋದು ಉಪ್ಪು ನೀರು. ಒಂದನ್ನೇ ಬಳಸಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗೋ ಆಸಿಡ್ ಬೇಡವೇ ಬೇಡ. ಅದು ಹೈಡ್ರೋಕ್ಲೋರಿಕ್ ಆಸಿಡ್, ಸುಣ್ಣದ ಜೊತೆ ಸಂದಿಯ ಸಿಮೆಂಟನ್ನೂ ತಿಂದು ಹಾಕತ್ತೆ. ನಿಮ್ಮ ಸಂದಿಗಳಲ್ಲಿ ಸಿಮೆಂಟೇ ಇಲ್ಲ ಅಂದ್ರಲ್ಲ, ಹಿಂದೆ ಯಾರೋ ಆಸಿಡ್ ಹಾಕಿ ತೊಳೆದಿರೋ ಹಾಗಿದೆ. ಕಮೋಡಿಗೆ ಹಾಕೋ ಬಹಳಷ್ಟು ಕ್ಲೀನರ್‌ಗಳಲ್ಲೂ ಅದೇ ಆಸಿಡ್ ಇರೋದು, ಅದನ್ನ ಕಮೋಡಿಗಷ್ಟೇ ಇಟ್ಕೊಳ್ಳಿ, ಟ್ಯಾಪಿಗೆ ಬಿದ್ರೆ ಕ್ರೋಮ್ ಕಿತ್ತು ಬರತ್ತೆ. ಇನ್ನೊಂದು ಮಾತು, ಇದನ್ನ ದಯವಿಟ್ಟು ಮನೆ ಕೆಲಸದವರಿಗೂ ಹೇಳಿ: ಆಸಿಡ್ ಮತ್ತೆ ಬ್ಲೀಚಿಂಗ್ ಪೌಡರ್ ಯಾವತ್ತೂ ಒಟ್ಟಿಗೆ ಬೇಡ. ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ, ಬಾಗಿಲು ಹಾಕಿರೋ ಸಣ್ಣ ಬಾತ್‌ರೂಮಲ್ಲಿ ಅದು ಪ್ರಾಣಕ್ಕೇ ಅಪಾಯ. ಕಪ್ಪು ಬೂಷ್ಟಿಗೆ ಬ್ಲೀಚ್ ಹಾಕ್ಬೇಕು ಅಂದ್ರೆ ಇವತ್ತು ನಿಂಬೆ ಉಪ್ಪಿನ ಕೆಲಸ ಮುಗಿಸಿ ಚೆನ್ನಾಗಿ ತೊಳೆದು, ಬ್ಲೀಚನ್ನ ಇನ್ನೊಂದು ದಿನ ಇಟ್ಕೊಳ್ಳಿ, ಕಿಟಕಿ ತೆಗೆದಿರ್ಲಿ.

ಸಂದಿ ತುಂಬೋದು

ಇದೇ ನಿಮ್ಮ ಮುಖ್ಯ ಕೆಲಸ, ಎರಡು ಭಾನುವಾರ ಹಿಡಿಯತ್ತೆ, ಅವಸರ ಮಾಡಿದ್ರೆ ಹಾಳು. ಜನ ಮಾಡೋ ತಪ್ಪು ಏನಂದ್ರೆ ಹಳೇ ಸಂದಿ ಮೇಲೇ ವೈಟ್ ಸಿಮೆಂಟ್ ಸವರೋದು, ಅದು ಕಾಗದದ ಥರ ಪದರ, ಒಂದು ತಿಂಗಳಿಗೆ ಉದುರತ್ತೆ. ಹಳೇದನ್ನ ಕನಿಷ್ಠ ಎರಡು ಮೂರು ಎಂಎಂ ಆಳಕ್ಕೆ ಕೆರೀಬೇಕು. ಹ್ಯಾಕ್ಸಾ ಬ್ಲೇಡ್ ಮುರಿದು ಒಂದು ತುದಿಗೆ ಬಟ್ಟೆ ಸುತ್ಕೊಂಡು ಕೆರೆಯೋದು ಹಳೇ ಪದ್ಧತಿ, ಈಗ ಇದಕ್ಕೇ ಅಂತ ಕೆರೆಯೋ ಸಾಧನ ಸಿಗತ್ತೆ. ಗ್ರೈಂಡರ್ ಮಾತ್ರ ಬೇಡ, ಅಭ್ಯಾಸ ಇಲ್ದೋರ ಕೈಯಲ್ಲಿ ಟೈಲ್ ಅಂಚು ಹಾರೋಗತ್ತೆ. ಕೆರೆದಾದ್ಮೇಲೆ ಧೂಳು ತೆಗೆದು, ತೊಳೆದು, ಪೂರ್ತಿ ಒಣಗೋಕೆ ಬಿಡಿ. ಎರಡು ದಿನ ಫ್ಯಾನ್ ಹಾಕಿಡಿ. ಒಳಗೆ ತೇವ ಇದ್ದಾಗ ಇಪಾಕ್ಸಿ ತುಂಬಿದ್ರೆ ಹಿಡ್ಕೊಳ್ಳಲ್ಲ.

ಇಪಾಕ್ಸಿ ಗ್ರೌಟ್ ಮೂರು ಭಾಗ ಬರತ್ತೆ, ರೆಸಿನ್, ಹಾರ್ಡ್‌ನರ್, ಪುಡಿ. ಅಳತೆ ಪ್ಯಾಕೆಟ್ಟಲ್ಲಿ ಹೇಳಿದ ಹಾಗೇ ಇರ್ಬೇಕು, ಕಣ್ಣಂದಾಜು ನಡೆಯಲ್ಲ. ಬೆರೆಸಿದ ಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಗಟ್ಟಿಯಾಗೋಕೆ ಶುರು, ಏಪ್ರಿಲ್ ಬಿಸಿಲಲ್ಲಿ ಇನ್ನೂ ಬೇಗ, ಅದಕ್ಕೆ ಒಂದು ಸಲಕ್ಕೆ ನಾಲ್ಕೈದು ಟೈಲಿಗಾಗೋಷ್ಟೇ ಬೆರೆಸಿ. ಒಬ್ರು ತುಂಬ್ತಾ ಹೋದ್ರೆ ಇನ್ನೊಬ್ರು ಹಿಂದೆಯೇ ಒದ್ದೆ ಸ್ಪಂಜಲ್ಲಿ ಟೈಲ್ ಮೇಲೆ ಉಳಿದಿದ್ದನ್ನ ಒರೆಸ್ತಾ ಬರ್ಬೇಕು, ಒಣಗಿದ್ಮೇಲೆ ಟೈಲ್ ಮೇಲಿನ ಇಪಾಕ್ಸಿ ತೆಗೆಯೋದು ಬಹಳ ಕಷ್ಟ. ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಕೆಲವರ ಚರ್ಮಕ್ಕೆ ಇದು ತುರಿಕೆ ಬರ್ಸತ್ತೆ. 24 ಗಂಟೆ ಕಾಲಿಡ್ಬೇಡಿ, ಬಿಸಿ ನೀರು, ಕ್ಲೀನರ್ ಎಲ್ಲ ಒಂದು ವಾರ ದೂರ ಇಡಿ. ಖರ್ಚು ಸಿಮೆಂಟ್ ಗ್ರೌಟಿಗಿಂತ ಹಲವು ಪಟ್ಟು ಹೆಚ್ಚು, ಗೋಡೆ ಮೇಲ್ಭಾಗಕ್ಕೆ ಬೇಡ, ನೆಲಕ್ಕೆ ಮತ್ತೆ ಗೋಡೆಯ ಮೂರು ನಾಲ್ಕು ಅಡಿಗೆ ಸಾಕು.

ಗೋಡೆ ನೆಲ ಸೇರೋ ಮೂಲೆಗೆ, ವಾಶ್ ಬೇಸಿನ್ ಅಂಚಿಗೆ ಗ್ರೌಟ್ ಬದಲು ಸಿಲಿಕೋನ್ ಹಾಕಿ, ಅಲ್ಲಿ ಸ್ವಲ್ಪ ಅಲುಗಾಟ ಇರತ್ತೆ, ಗಟ್ಟಿ ಇದ್ದದ್ದು ಬಿರುಕು ಬಿಡತ್ತೆ. ಬೂಷ್ಟು ನಿರೋಧಕ ಸ್ಯಾನಿಟರಿ ಗ್ರೇಡ್ ಅಂತ ಕೇಳಿ. ಬಿಚ್ಚಿದಾಗ ವಿನೆಗರ್ ವಾಸನೆ ಬರೋ ಥರದ್ದು ಕನ್ನಡಿ ಹಿಂದಿನ ಲೇಪನ, ಲೋಹ, ಅಮೃತಶಿಲೆ ಹಾಳು ಮಾಡತ್ತೆ, ಅಲ್ಲಿಗೆ ನ್ಯೂಟ್ರಲ್ ಅನ್ನೋದನ್ನ ತಗೊಳ್ಳಿ. ಕಮೋಡ್ ಬುಡಕ್ಕೆ ಹಾಕೋದಾದ್ರೆ ಹಿಂಭಾಗದಲ್ಲಿ ಒಂದೆರಡು ಇಂಚು ಹಾಗೇ ಬಿಡಿ. ಪೂರ್ತಿ ಮುಚ್ಚಿದ್ರೆ ಕೆಳಗಿನ ಜಾಯಿಂಟ್ ಸೋರಿದಾಗ ನಿಮಗೆ ಗೊತ್ತೇ ಆಗಲ್ಲ, ನೇರ ಕೆಳಗಿನ ಮನೆಗೇ ಗೊತ್ತಾಗೋದು.

ವಾಸನೆ, ಟ್ಯಾಪು, ಫ್ಲಶ್ಶು

ಬೆಳಗಿನ ವಾಸನೆಗೆ ಫಿನಾಯಿಲ್ ಪರಿಹಾರ ಅಲ್ಲ. ನಹಾನಿ ಟ್ರ್ಯಾಪಲ್ಲಿ ಸದಾ ಎರಡು ಇಂಚು ನೀರು ನಿಂತಿರ್ಬೇಕು, ಆ ನೀರೇ ಡ್ರೈನಿನ ಗಾಳಿ ಮೇಲೆ ಬರದ ಹಾಗೆ ತಡೆಯೋ ಬಾಗಿಲು. ಜಾಲಿ ಎತ್ತಿ ಟಾರ್ಚ್ ಬಿಡಿ. ಕೂದಲು, ಸೋಪಿನ ಜಿಡ್ಡು ತುಂಬಿದ್ರೆ ಗ್ಲೌಸ್ ಹಾಕ್ಕೊಂಡು ತೆಗೀರಿ. ಒಳಗೆ ಬಟ್ಟಲಿನ ಥರ ಒಂದು ಬಿಡಿಭಾಗ ಇರ್ಬೇಕು, ಬ್ಲಾಕ್ ಆದಾಗ ಯಾರೋ ಅದನ್ನ ಕಿತ್ತು ಬಿಸಾಕಿರೋದನ್ನ ನಾನು ಎಷ್ಟೋ ಮನೇಲಿ ನೋಡಿದ್ದೀನಿ, ಅದಿಲ್ಲ ಅಂದ್ರೆ ನೀರು ನಿಲ್ಲಲ್ಲ, ವಾಸನೆ ಜಿರಳೆ ಎರಡೂ ಬರ್ತವೆ. ವಾಶ್ ಬೇಸಿನ್ ಪೈಪು ಗೋಡೆ ಒಳಗೆ ಹೋಗೋ ತೂತಿನ ಸುತ್ತ ಸಂದಿ ಇದ್ರೂ ವಾಸನೆ ಬರತ್ತೆ, ಅದಕ್ಕೆ ರಬ್ಬರ್ ರಿಂಗ್ ಸಿಗತ್ತೆ. ಜೊತೆಗೆ ಎಕ್ಸಾಸ್ಟ್ ಫ್ಯಾನ್ ಇಲ್ಲಾಂದ್ರೆ ಹಾಕ್ಸಿ, ಸ್ನಾನ ಆದ್ಮೇಲೆ 20 ನಿಮಿಷ ಓಡ್ಲಿ, ಕಪ್ಪು ಬೂಷ್ಟಿಗೆ ಅದೇ ನಿಜವಾದ ಮದ್ದು.

ಟ್ಯಾಪ್, ಶವರ್, ಹೆಲ್ತ್ ಫಾಸೆಟ್ ನೀವೇ ಬದಲಾಯಿಸಿ, ಎಲ್ಲ ಅರ್ಧ ಇಂಚಿನ ಅಳತೇನೇ. ಮೊದಲು ಬಾತ್‌ರೂಮಿನ ವಾಲ್ವ್ ಮುಚ್ಚಿ, ಅದು ನಿಜವಾಗ್ಲೂ ಮುಚ್ಚತ್ತಾ ಅಂತ ಟ್ಯಾಪ್ ತೆಗೆದು ನೋಡಿ. ಟೆಫ್ಲಾನ್ ಟೇಪ್ ತಿರುಪು ಹೋಗೋ ದಿಕ್ಕಲ್ಲೇ ಸುತ್ತಿ, ಹನ್ನೆರಡು ಹದಿನೈದು ಸುತ್ತು. ಜಾಸ್ತಿ ಬಿಗಿ ಮಾಡ್ಬೇಡಿ. ಗೋಡೆ ಒಳಗಿರೋದು ಪ್ಲಾಸ್ಟಿಕ್ ಪೈಪು, ದೊಡ್ಡ ಸ್ಪ್ಯಾನರಲ್ಲಿ ಒದ್ದಾಡಿದ್ರೆ ಒಳಗಿನ ಎಲ್ಬೋ ಬಿರುಕು ಬಿಟ್ಟು ಟೈಲ್ ಒಡೆಯೋ ಹಾಗಾಗತ್ತೆ. ಹಳೇ ಟ್ಯಾಪ್ ಜಪ್ಪಯ್ಯ ಅಂದ್ರೂ ಬರ್ಲಿಲ್ಲ ಅಂದ್ರೆ ಅಲ್ಲಿಗೆ ನಿಲ್ಲಿಸಿ ಪ್ಲಂಬರ್ ಕರೀರಿ. ಟ್ಯಾಪ್ ತುದಿಗೆ ಗಾಳಿ ಬೆರೆಸಿ ನೀರು ಉಳಿಸೋ ಏರೇಟರ್ ಹಾಕೋದು ಮರೀಬೇಡಿ, 2024ರ ಮಾರ್ಚಲ್ಲಿ ನೀರಿಗೆ ಅಷ್ಟು ಹಾಹಾಕಾರ ಆದಾಗ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟ್‌ಗಳಿಗೆ ಇದನ್ನ ಕಡ್ಡಾಯ ಮಾಡ್ತು, ಗಡಸು ನೀರಿಗೆ ಎರಡು ತಿಂಗಳಿಗೊಮ್ಮೆ ಬಿಚ್ಚಿ ನಿಂಬೆ ಉಪ್ಪಲ್ಲಿ ನೆನೆಸ್ಬೇಕು ಅಷ್ಟೇ. ಹೆಲ್ತ್ ಫಾಸೆಟ್ ಬಳಸಿದ್ಮೇಲೆ ಅದರ ಆಂಗಲ್ ಕಾಕ್ ಮುಚ್ಚೋ ಅಭ್ಯಾಸ ಮಾಡ್ಕೊಳ್ಳಿ, ಊರಿಗೆ ಹೋದಾಗ ಟ್ಯೂಬ್ ಒಡೆದು ಮನೆಯೆಲ್ಲ ಕೆರೆ ಆಗಿರೋದನ್ನ ಕಂಡಿದ್ದೀನಿ.

ಫ್ಲಶ್ ಟ್ಯಾಂಕಲ್ಲಿ ಒಂದು ಚಿಟಿಕೆ ಕೇಸರಿಬಾತಿನ ಬಣ್ಣ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ, ಫ್ಲಶ್ ಮಾಡದೇ ಕಮೋಡಲ್ಲಿ ಬಣ್ಣ ಕಂಡ್ರೆ ವಾಷರ್ ಹೋಗಿದೆ ಅಂತ, ಸಣ್ಣ ದುಡ್ಡಿನ ಸಾಮಾನು. ನೀರು ಉಳಿಸೋಕೆ ಟ್ಯಾಂಕಲ್ಲಿ ಇಟ್ಟಿಗೆ ಇಡ್ಬೇಡಿ, ಕರಗಿ ವಾಲ್ವಿಗೆ ಸಿಗತ್ತೆ, ನೀರು ತುಂಬಿದ ಬಾಟಲಿ ಇಡಿ.

ಸ್ಟಿಕ್ಕರ್, ಬಣ್ಣ, ಟೈಲ್ ಮೇಲೆ ಟೈಲ್

ನಮ್ಮಲ್ಲಿ ಸ್ನಾನ ಅಂದ್ರೆ ಬಕೆಟ್ ಇಟ್ಟು ಚೊಂಬಲ್ಲಿ ಹುಯ್ಕೊಳ್ಳೋದು, ನೆಲ ಗೋಡೆ ಎಲ್ಲ ನೆನೆಯತ್ತೆ. ಸ್ಟಿಕ್ಕರ್, ಟೈಲ್ ಪೇಂಟ್ ವಿಡಿಯೋಗಳೆಲ್ಲ ಬಹುತೇಕ ಒಣ ಬಾತ್‌ರೂಮಿನವು. ಕನ್ನಡಿ ಪಕ್ಕದ ಗೋಡೆಗೆ, ಐದಡಿ ಮೇಲಕ್ಕೆ ಬೇಕಿದ್ರೆ ಹಾಕಿ. ನೀರು ಬೀಳೋ ಕಡೆ ಸ್ಟಿಕ್ಕರ್ ಹಿಂದೆ ನೀರು ಹೋಗಿ ಬೂಷ್ಟು ಬೆಳೆಯತ್ತೆ, ನೆಲದ ಬಣ್ಣ ಬಕೆಟ್ ಎಳೆದೆಳೆದು ಸಿಪ್ಪೆ ಏಳತ್ತೆ.

ಟೈಲ್ ಮೇಲೆ ಟೈಲ್ ತಪ್ಪಲ್ಲ, ಆದ್ರೆ ನೀರು ನಿಲ್ಲಿಸೋ ಪರೀಕ್ಷೆ ಪಾಸಾದ ನೆಲಕ್ಕೆ ಮಾತ್ರ. ನಾಣ್ಯದಿಂದ ಒಂದೊಂದೇ ಟೈಲ್ ತಟ್ಟಿ ಕೇಳಿ, ಟೊಳ್ಳು ಸದ್ದು ಬಂದದ್ದು ಬಿಟ್ಕೊಂಡಿದೆ, ಅದರ ಮೇಲೆ ಹಾಕಿದ್ರೆ ಹೊಸದೂ ಅದರ ಜೊತೆ ಏಳತ್ತೆ. ನೆಲ 12ರಿಂದ 15 ಎಂಎಂ ಮೇಲೆ ಬರತ್ತೆ, ಬಾಗಿಲು ಉಜ್ಜತ್ತೆ, ಬಾಗಿಲ ಪಟ್ಟಿಗೂ ನೆಲಕ್ಕೂ ಇರೋ ಎತ್ತರದ ವ್ಯತ್ಯಾಸ ಕಡಿಮೆಯಾಗಿ ನೀರು ಹಾಲಿಗೆ ಬರೋ ಹಾಗಾಗ್ಬಹುದು, ಜಾಲಿ ಎತ್ತರ ಮಾಡ್ಬೇಕು. ಚದರ ಮೀಟರಿಗೆ ಸುಮಾರು 25 ಕಿಲೋ ತೂಕ ಸೇರತ್ತೆ, ಅದೇನು ಅಂಥ ಭಾರ ಅಲ್ಲ, ಆದ್ರೂ ಒಂದೇ ಪದರ, ಮೂರನೇದು ಬೇಡ. ಸಿಮೆಂಟ್ ಗಾರೆ ಹಳೇ ನುಣುಪು ಟೈಲಿಗೆ ಹಿಡಿಯಲ್ಲ, ಟೈಲ್ ಮೇಲೆ ಟೈಲಿಗೆ ಅಂತಲೇ ಚೀಲದ ಮೇಲೆ ಬರೆದಿರೋ ಅಂಟು ಬೇಕು. ಇಷ್ಟೆಲ್ಲ ಇರೋದ್ರಿಂದ ನೆಲದ್ದನ್ನ ನೀವೇ ಮಾಡೋಕೆ ಹೋಗ್ಬೇಡಿ, ಇಳಿಜಾರು ತಪ್ಪಿದ್ರೆ ಜೀವಮಾನ ನೀರು ತಳ್ತಾ ಇರ್ಬೇಕು.

ಕರೆಂಟು, ಗೀಸರು

ಇದರಲ್ಲಿ ನಿಮಗೆ ಭಾನುವಾರದ ಕೆಲಸ ಒಂದೇ: ಮೇನ್ ಬೋರ್ಡಲ್ಲಿ 30 ಮಿಲಿಆಂಪ್ ಅಂತ ಬರೆದಿರೋ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯೋ ಸ್ವಿಚ್ಚು, ಇದೆಯಾ ನೋಡಿ, ಅದರ ಟೆಸ್ಟ್ ಬಟನ್ ಒತ್ತಿ, ಟಕ್ ಅಂತ ಬೀಳ್ಬೇಕು. ಬೀಳ್ಲಿಲ್ಲ ಅಂದ್ರೆ ಅಥವಾ ಅದೇ ಇಲ್ಲ ಅಂದ್ರೆ ಟೈಲ್, ಗ್ರೌಟ್ ಎಲ್ಲಕ್ಕಿಂತ ಮೊದಲು ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸಿ ಹಾಕ್ಸಿ. ನೀರು ಬೀಳೋ ಜಾಗದಿಂದ ಎರಡಡಿ ಒಳಗೆ ಯಾವ ಸಾಕೆಟ್ಟೂ ಇರ್ಬಾರದು. ಗ್ಯಾಸ್ ಗೀಸರ್ ಬಾತ್‌ರೂಮ್ ಒಳಗಿದ್ರೆ ಅದನ್ನ ಬಾಲ್ಕನಿಗೋ ಯುಟಿಲಿಟಿಗೋ ಹಾಕ್ಸಿ. ಅದರಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಿಟಕಿ ಹಾಕ್ಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬರದೇ ಇರೋ ಸುದ್ದಿ ನೀವೂ ಓದಿರ್ತೀರ. ಅತ್ತೆ ಚಳಿ ಅಂತ ಕಿಟಕಿ ಮುಚ್ಕೊಳ್ಳೋರೇ.

ಅತ್ತೆಯವರಿಗೆ

ನೀವು ಕೇಳ್ಲಿಲ್ಲ, ಆದ್ರೆ ನನಗೆ ನಿಮ್ಮ ಪತ್ರದಲ್ಲಿ ಕಲೆ ಬಿಟ್ರೆ ಮುಖ್ಯ ಅನ್ಸಿದ್ದು ಇದು. ಸುಣ್ಣ, ಸೋಪಿನ ಜಿಡ್ಡು ಹೋದ್ರೆ ಜಾರೋದು ಅರ್ಧ ಕಡಿಮೆಯಾಗತ್ತೆ, ಮೇಲಿಂದ ಜಾರದ ಮ್ಯಾಟ್ ಹಾಕಿ, ಸ್ನಾನಕ್ಕೆ ಕೂರೋ ಗಟ್ಟಿ ಸ್ಟೂಲ್ ಇಡಿ, ಬಾಗಿಲ ಚಿಲಕ ಹೊರಗಿಂದಲೂ ತೆಗೆಯೋ ಥರದ್ದು ಹಾಕ್ಸಿ. ಮತ್ತೆ ಹಿಡ್ಕೊಂಡು ಏಳೋಕೆ ಗೋಡೆಗೆ ಎರಡು ಹಿಡಿ (ಗ್ರ್ಯಾಬ್ ಬಾರ್) ಹಾಕಿ, ಒಂದು ಕಮೋಡ್ ಪಕ್ಕ, ಒಂದು ಸ್ನಾನದ ಜಾಗದಲ್ಲಿ. ರಬ್ಬರ್ ಕಪ್ಪಲ್ಲಿ ಗೋಡೆಗೆ ಅಂಟ್ಕೊಳ್ಳೋ ಹಿಡಿ ಬೇಡ, ಇರೋ ಟವೆಲ್ ರಾಡೂ ಹಿಡಿ ಅಲ್ಲ, ಬೀಳೋವಾಗ ಮೈ ಭಾರ ಪೂರ್ತಿ ಅದರ ಮೇಲೆ ಬೀಳತ್ತೆ.

ಡ್ರಿಲ್ ಮಾಡೋವಾಗ ಒಂದು ಎಚ್ಚರ, ಯಾವ ಟ್ಯಾಪಿಗೇ ಆಗ್ಲಿ ಅದರ ನೇರ ಮೇಲೆ, ನೇರ ಕೆಳಗೆ, ಎರಡು ಟ್ಯಾಪಿನ ಮಧ್ಯದ ಅಡ್ಡ ಗೆರೆಯಲ್ಲಿ ಪೈಪ್ ಇರತ್ತೆ ಅಂತಲೇ ತಿಳ್ಕೊಳ್ಳಿ. ಟವೆಲ್ ರಾಡಿಗೆ ಅಂತ ಶನಿವಾರ ರಾತ್ರಿ ತೂತು ಹಾಕಿ ಗೀಸರ್ ಲೈನ್ ಒಡೆದವರು ನನಗೆ ಫೋನ್ ಮಾಡಿದ್ದಾರೆ. ಟೈಲ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟೈಲ್ ದಾಟೋ ತನಕ ಹ್ಯಾಮರ್ ಮೋಡ್ ಬೇಡ, ತೂತಿಗೆ ಸಿಲಿಕೋನ್ ತುಂಬಿ ಆಮೇಲೆ ಸ್ಕ್ರೂ ಬಿಗೀರಿ. ಕೊರೆಯೋವಾಗ ಡ್ರಿಲ್ ದಿಢೀರಂತ ಒಳಗೆ ಹೋದ್ರೆ ಗೋಡೆ ಹಾಲೋ ಬ್ಲಾಕಿಂದು ಅಂತ, ಅಲ್ಲಿ ಮಾಮೂಲಿ ಪ್ಲಗ್ ಹಿಡಿಯಲ್ಲ, ತೂತಲ್ಲಿ ಅಂಟು ತುಂಬಿ ಬೋಲ್ಟ್ ಕೂರಿಸೋ ಕೆಮಿಕಲ್ ಆಂಕರ್ ಬೇಕು, ಅದನ್ನ ಗೊತ್ತಿರೋರ ಕೈಲೇ ಮಾಡ್ಸಿ. ಹಿಡಿ 32ರಿಂದ 38 ಎಂಎಂ ದಪ್ಪ ಇರ್ಲಿ, ಗೋಡೆಗೂ ಹಿಡಿಗೂ ಮಧ್ಯೆ ಬೆರಳು ಸಲೀಸಾಗಿ ಹೋಗ್ಬೇಕು. ಎತ್ತರ ಎಷ್ಟು ಅಂತ ಈಗಲೇ ನಿಮ್ಮಳತೆಗೆ ತೂತು ಹಾಕಿಬಿಡ್ಬೇಡಿ. ಸಾಮಾನು ತಂದಿಟ್ಕೊಂಡಿರಿ, ಅವರು ಹಾಸನದಿಂದ ಬಂದ ದಿನ ಕಮೋಡ್ ಮೇಲೆ ಕೂರಿಸಿ, ಏಳೋವಾಗ ಅವರ ಕೈ ತಾನಾಗೇ ಗೋಡೆ ಮೇಲೆ ಎಲ್ಲಿ ಊರತ್ತೆ ನೋಡಿ, ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಅದೇ ಜಾಗಕ್ಕೆ ಹಾಕಿ.